ಹುಲಗೇಶನಿಗೆ ಬಂದ ಬೀಗರು

“ಹುಡುಗನ ಹಲ್ಲು ಬೇಕಾದ್ರ ನೋಡ್ರಿ. ಒಂದರ ಮುರದಿದ್ರ ನನ್ನ ಹೆಸರು ಗುತ್ತೆಪ್ಪ ಅಲ್ಲ!”

ಶಾರವ್ವ ಒಗ್ಗರಣೆ ಅವಲಕ್ಕಿಯ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಹಿರೇಬೆಂಡಿಗೇರಿಯ ಈ ಪಡಸಾಲೆಯಲ್ಲಿ ಕುಳಿತಾಗಿನಿಂದ ಆ ತಟ್ಟೆ ಖಾಲಿಯಾಗಲು ಯಾರೂ ಬಿಟ್ಟಿರಲಿಲ್ಲ.

“ಒಂದೂ ಮುರದಿಲ್ಲೇನ್ರಿ?”

“ಕಬ್ಬು ಕಡದು ತೋರಸ್ತಾನ್ರಿ. ಕರಸ್ಲೇನು?”

“ಯಜಮಾನ್ರ, ನಾವು ಬೀಗತನಕ್ಕ ಬಂದವ್ರಲ್ಲ. ಆಗಳೇ ಹೇಳೇನಲ್ಲ.”

“ಗೊತ್ತೈತಿ ಬಿಡ್ರಿ,” ಗುತ್ತೆಪ್ಪ ಕಣ್ಣು ಮಿಟುಕಿಸಿದ. “ಮೊದಲನೇ ಸಲ ಬಂದವ್ರು ಯಾರರ ಖರೇ ಹೇಳ್ತಾರೇನು? ತಂಗೀಗೆ ವರ ನೋಡಾಕ ಹೋದಾಗ ನಾನೂ ಎತ್ತು ಕೊಳ್ಳಾಕ ಬಂದೇನಿ ಅಂತ ಹೇಳಿದ್ದೆ. ಕಡೀಕ ಎತ್ತೂ ಕೊಳ್ಳಬೇಕಾತು.”

ಪಡಸಾಲೆ ನಗುವಿನಲ್ಲಿ ಮುಳುಗಿತು. ಶಾರವ್ವನ ಪಕ್ಕದಲ್ಲಿದ್ದ ನುಜಹತ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಶಿಗ್ಗಾವಿಯ ಒಂದು ಸಣ್ಣ ಚರ್ಚಿನಲ್ಲಿ ಸೋಮವಾರದಿಂದ ಮಕ್ಕಳ ಬೇಸಿಗೆ ಶಿಬಿರ. ಮಕ್ಕಳ ಜೊತೆ ಇರಬೇಕಾದ ಪ್ರತಿಯೊಬ್ಬ ಸ್ವಯಂಸೇವಕರ ಪೂರ್ವಾಪರ ವಿಚಾರಿಸಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಕೊಡಬೇಕು, ಆಮೇಲೆಯೇ ಬಾಗಿಲು ತೆರೆಯಬೇಕು ಎಂದು ಚರ್ಚಿನ ಕಮಿಟಿ ಹಟ ಹಿಡಿದಿತ್ತು. ವಿಚಾರಿಸುವ ಕೆಲಸ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿದ್ದ ಶಾರವ್ವನದು. ತರಬೇತಿ ಸವಣೂರಿನ ನುಜಹತಳದು. ಎಲ್ಲರದೂ ಮುಗಿದು ಹುಲಗೇಶ ಎಂಬ ಒಬ್ಬ ಹುಡುಗ ಉಳಿದಿದ್ದ. ಅವನು ಕೊಟ್ಟ ಊರು ಹಿರೇಬೆಂಡಿಗೇರಿ.

ಬೆಳಿಗ್ಗೆ ಬಸ್ ನಿಲ್ದಾಣದ ಅಂಗಡಿಯಲ್ಲಿ “ಹುಲಗೇಶ ಅಂತ ಅದಾನಲ್ರಿ, ಹುಡುಗ ಹೆಂಗ?” ಎಂದು ಶಾರವ್ವ ಒಂದೇ ಸಲ ಕೇಳಿದ್ದಳು. ಹಳ್ಳಿಯಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಅರ್ಥ. ಅವರಿಬ್ಬರೂ ಹುಲಗೇಶನ ದೊಡ್ಡಪ್ಪ ಗುತ್ತೆಪ್ಪನ ಮನೆ ತಲುಪುವ ಮೊದಲೇ ಅಲ್ಲಿ ಜಮಖಾನೆ ಹಾಸಿಯಾಗಿತ್ತು.

“ಹುಡುಗ ಮಕ್ಕಳ ಜೋಡಿ ಹೆಂಗ ಇರ್ತಾನ್ರಿ?” ಶಾರವ್ವ ಹಟ ಬಿಡದೆ ಕೇಳಿದಳು.

“ಮಕ್ಕಳಂದ್ರ ಜೀವ ಬಿಡ್ತಾನ. ನಿಮ್ಮ ಹುಡುಗಿ ಎಷ್ಟ ಹಡದ್ರೂ ಬ್ಯಾಡ ಅನ್ನೂದಿಲ್ಲ.”

“ಸಿಟ್ಟು?”

“ಸಿಟ್ಟು ಅಂದ್ರ ಏನಂತ ಅವಂಗ ಗೊತ್ತಿಲ್ಲ. ಎಮ್ಮಿ ಒದ್ರ ಎಮ್ಮಿಗೇ ನೋವಾತೇನು ಅಂತ ಕೇಳ್ತಾನ.”

“ಪೊಲೀಸ ಕೇಸು ಏನರ?”

ಗುತ್ತೆಪ್ಪನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. “ಅಕ್ಕಾರ, ಅವಂಗ ಒಂದು ಕೇಸು ಹಾಕಿಸ್ಕೊಳ್ಳೋ ತಾಕತ್ತಿದ್ರ ಇಷ್ಟೊತ್ತಿಗೆ ಮದಿವಿ ಆಗ್ತಿದ್ದಿಲ್ಲೇನು?”

ಬಾಗಿಲ ಬಳಿ ನಿಂತ ಮುದುಕಿಯೊಬ್ಬಳು ನುಜಹತಳನ್ನು ತೋರಿಸಿ, “ಈಕಿ ಹುಡುಗಿ ಗೆಳತಿ ಇರಬೇಕು. ಗೆಳತೇರನ್ನ ಕಳಿಸಿ ನೋಡಸ್ತಾರ ಈಗಿನವ್ರು” ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. ಅದು ಇಡೀ ಓಣಿಗೆ ಕೇಳಿಸಿತು.

ಶಾರವ್ವನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಶಿಗ್ಗಾವಿಯ ಚರ್ಚಿನಲ್ಲಿ ಢೋಲಕ್ ಬಾರಿಸುವ ಹುಲಗೇಶ ನಕ್ಕಾಗಲೆಲ್ಲ ಎದುರಿಗಿನ ಹಲ್ಲೊಂದು ಅರ್ಧ ಮುರಿದದ್ದು ಕಾಣುತ್ತಿತ್ತು. ಆ ಹಲ್ಲಿನಿಂದ ಕಬ್ಬು ಕಡಿಯುವುದಿರಲಿ, ಬಾಳೆಹಣ್ಣನ್ನೂ ಅವನು ಓರೆ ಮಾಡಿ ತಿನ್ನುತ್ತಿದ್ದ.

“ಕರಸ್ರಿ ಹಂಗಾದ್ರ. ನೋಡೇಬಿಡೂಣು,” ಎಂದಳು.

ಹುಲಗೇಶ ಬಂದ. ಗಿಡ್ಡ, ಗುಂಡಗೆ. ಗದ್ದದ ತನಕ ಪೌಡರು, ಅದರ ಕೆಳಗೆ ಹೊಲದ ಬಣ್ಣ. ಇಸ್ತ್ರಿಯ ಅಂಗಿಯ ಗುಂಡಿಗಳನ್ನು ಗಡಿಬಿಡಿಯಲ್ಲಿ ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಬಾಗಿಲಲ್ಲೇ ನಿಂತು, ಯಾರೂ ಕೇಳದಿದ್ದರೂ ಬಾಯಿ ಅಗಲಿಸಿ ಹಲ್ಲು ತೋರಿಸಿದ. ಎಲ್ಲ ಹಲ್ಲುಗಳೂ ಗಟ್ಟಿಮುಟ್ಟಾಗಿದ್ದವು.

ಅವನು ಚರ್ಚಿನ ಹುಲಗೇಶ ಅಲ್ಲವೇ ಅಲ್ಲ.

ನುಜಹತ ಫೋನು ತೆಗೆದಳು. ಸ್ವಯಂಸೇವಕರು ಕೊಟ್ಟಿದ್ದ ಗುರುತಿನ ಚೀಟಿಗಳ ಝೆರಾಕ್ಸ್ ಪ್ರತಿಗಳಲ್ಲಿ ಎಲ್ಲರೂ ಒಲೆಯೊಳಗಿನಿಂದ ಎದ್ದು ಬಂದವರ ಹಾಗೆ ಕಪ್ಪಗೆ ಕಂಡಿದ್ದರಿಂದ ಅವಳು ತರಬೇತಿಯ ದಿನ ಎಲ್ಲರ ಫೋಟೋ ಹೊಡೆದುಕೊಂಡಿದ್ದಳು. ಢೋಲಕ್ಕಿನ ಹುಡುಗನ ಚಿತ್ರ ತೆಗೆದು ಮುಂದೆ ಹಿಡಿದಳು.

“ಇಂವ ಯಾರ್ರಿ?”

ಗುತ್ತೆಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ನಮ್ಮೂರಾವಲ್ಲ. ಯಾಕ್ರಿ, ಇಂವನ್ನೂ ನೋಡಾಕತ್ತೀರೇನು? ನಮ್ಮಂವನ ಬಣ್ಣ ಇದಕ್ಕಿಂತ ಚಲೋ ಐತಿ.”

ಹುಲಗೇಶ ಮಾತ್ರ ಚಿತ್ರ ನೋಡಿದೊಡನೆ ಬಾಯಿ ಮುಚ್ಚಿದ. ಪೌಡರಿನ ಮೇಲೆ ಬೆವರಿನ ಗೆರೆ ಇಳಿಯಿತು.

“ಅಯ್ಯ, ದುರ್ಗ್ಯಾಗ ಏನಾತ್ರಿ?”

ಅಂದದ್ದೇ ತಡ, ಅಂದದ್ದನ್ನು ನುಂಗುವವನ ಹಾಗೆ ಎಂಜಲು ನುಂಗಿದ.

“ಯಾವ ದುರ್ಗ್ಯಾ?” ಶಾರವ್ವ ಎದ್ದು ನಿಂತಳು. ಅವಳು ಎದ್ದು ನಿಂತ ರೀತಿ ನೋಡಿ, ಈಕೆ ಹೆಣ್ಣಿನ ಕಡೆಯವಳಲ್ಲ ಎಂಬುದು ಪಡಸಾಲೆಗೆ ಮೊದಲ ಬಾರಿ ಹೊಳೆಯಿತು.

“ಯಾರೂ ಇಲ್ರಿ. ದುರ್ಗವ್ವನ ಆಣಿ ಮಾಡಾಕ ಹೊಂಟಿದ್ದೆ, ಅರ್ಧಕ್ಕ ಉಳೀತು.”

“ನಿನ್ನ ಗುರುತಿನ ಚೀಟಿ ತೋರಸು.”

“ಕಳದೈತ್ರಿ.”

“ಕಂಪ್ಲೇಂಟ ಕೊಟ್ಟೀ ಏನು?”

“ಅದು... ಇನ್ನೂ ಪೂರ್ತಿ ಕಳದಿಲ್ರಿ.”

ಮುಂದೆ ಶಾರವ್ವ ಎಷ್ಟು ಗದರಿದರೂ ಅವನು ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಳ್ಳುವುದರಲ್ಲಿ ಮಗ್ನನಾದ. ಅವರು ಹೊರಟಾಗ ಗುತ್ತೆಪ್ಪ ಸ್ಕೂಟರಿನ ತನಕ ಬಂದ.

“ಅಕ್ಕಾರ, ಒಂದು ಮಾತು ಹೇಳಿ ಹೋಗ್ರಿ. ಹುಡುಗಿ ಖರೇನ ಇಲ್ಲೇನು?”

“ಇಲ್ರಿ ಕಾಕಾ.”

“ಹಂಗಾದ್ರ ಅವಲಕ್ಕಿ ಯಾಕ ತಿಂದ್ರಿ?”

ಶಾರವ್ವ ಸೆರಗು ಬಿಗಿದುಕೊಂಡು ಸ್ಕೂಟರು ಹತ್ತಿದಳು.

*

ಶಿಗ್ಗಾವಿಯ ದಾರಿಯಲ್ಲಿ ನುಜಹತಳ ಸ್ಕೂಟರಿನ ಹಿಂದೆ ಕುಳಿತ ಶಾರವ್ವ ಪ್ರತಿ ತಗ್ಗಿಗೂ ಸೊಂಟ ಹಿಡಿದುಕೊಂಡು ದೇವರನ್ನು ಕರೆಯುತ್ತಿದ್ದಳು. ಎರಡು ತಗ್ಗುಗಳ ನಡುವೆ ಯೋಚಿಸುತ್ತಿದ್ದಳು.

“ಅಕ್ಕಾ, ಸುಳ್ಳು ಹೆಸರು ಹೇಳಿ ಮಕ್ಕಳ ನಡುವ ಬಂದಾನ್ರಿ,” ನುಜಹತ ಗಾಳಿಗೆ ದನಿ ಏರಿಸಿ ಹೇಳಿದಳು. “ಸೀದಾ ಸ್ಟೇಶನ್ನಿಗೆ ಹೋಗೂಣೇನ್ರಿ?”

“ಹೋಗೂಣು. ಅದಕ್ಕೂ ಮೊದಲ ಒಂದು ಮಾತು ಹೇಳು. ನೀ ಹೆಸರು ಕದಿಯೂದಾದ್ರ ಯಾವ ಊರಿಂದು ಕದೀತಿ?”

“ತೋಬಾ! ನಾ ಯಾಕ ಕದೀಲ್ರಿ?”

“ಕದಿಯೂದಾದ್ರ ಅಂದೆ.”

ನುಜಹತ ಯೋಚಿಸಿದಳು. “ದೂರಿಂದು. ಬೀದರೋ, ಬಳ್ಳಾರಿಯೋ. ಯಾರೂ ಹೋಗಿ ಕೇಳಬಾರದು.”

“ಹೌದಿಲ್ಲೋ? ಇಂವ ಸ್ಕೂಟರಿನ್ಯಾಗ ಹೋಗಿ ಅವಲಕ್ಕಿ ತಿಂದು ಊಟದೊಳಗ ಮನಿಗೆ ಬರೋವಂಥ ಊರು ಆರಿಸ್ಯಾನ. ಮ್ಯಾಲ ಆ ಹುಡುಗ ಇನ್ನೂ ಅದ ಊರಾಗ ಅದಾನ. ಇಂಥಾ ದಡ್ಡ ಕಳ್ಳನ್ನ ನನ್ನ ಸರ್ವೀಸಿನ್ಯಾಗ ನೋಡಿಲ್ಲ.”

“ದಡ್ಡ ಆದ್ರ ಕೆಟ್ಟಾವ ಅಲ್ಲೇನ್ರಿ?”

“ಹಂಗಲ್ಲ. ಹೊಸಬ ಅಂತ ಅಂದೆ.”

ಇನ್ನೊಂದು ಸಂಗತಿ ಅವಳಿಗೆ ಈಗ ಅರ್ಥವಾಗತೊಡಗಿತ್ತು. ತರಬೇತಿಯ ಮೊದಲ ದಿನ ನುಜಹತ “ಹುಲಗೇಶ” ಎಂದು ಕರೆದಾಗ ಆ ಹುಡುಗ ಢೋಲಕ್ಕಿನ ಹಗ್ಗ ಬಿಗಿಯುತ್ತ ಕುಳಿತೇ ಇದ್ದ. ಮತ್ತೆ ಕರೆದರೂ ಇಲ್ಲ. ಪಕ್ಕದವರು ತಿವಿದಾಗ ಬೆಚ್ಚಿ, ಮೊದಲು ಹಿಂದಕ್ಕೆ ತಿರುಗಿ ನೋಡಿ, ಆಮೇಲೆ ಎದ್ದು ನಿಂತಿದ್ದ. “ಪಾಪ, ಕಿವಿ ಮಂದ,” ಎಂದು ಹಾರ್ಮೋನಿಯಂ ನುಡಿಸುವ ಲಕ್ಕಪ್ಪ ಮಾಸ್ತರರು ಮರುಗಿದ್ದರು. ಅಂದಿನಿಂದ ಎಲ್ಲರೂ ಅವನ ಜೊತೆ ಜೋರಾಗಿ ಮಾತಾಡತೊಡಗಿದ್ದರು. ಅವನೂ ಪಾಪ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ.

ಢೋಲಕ್ಕಿನ ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವನಿಗೆ ಕಿವಿ ಮಂದವೇ?

“ಯವ್ವಾ!” ಸ್ಕೂಟರ್ ತಗ್ಗಿಗೆ ಇಳಿಯಿತು. ಯೋಚನೆ ಅಲ್ಲಿಗೇ ನಿಂತಿತು.

*

ಸಂಜೆ ಚರ್ಚಿನ ಹಾಲಿನಲ್ಲಿ ತರಬೇತಿಯ ಕೊನೆಯ ಪಾಠ. ಕಿಟಕಿಯಿಂದ ಇಳಿಬಿಸಿಲು ಬೆಂಚುಗಳ ಮೇಲೆ ಬಿದ್ದಿತ್ತು. ನುಜಹತ ಮುಂದೆ ನಿಂತು ಮಾತಾಡುತ್ತಿದ್ದಳು. ಬೆಳಗಿನ ವಿಷಯ ಮುಖದಲ್ಲಿ ಕಾಣಬಾರದೆಂದು ಶಾರವ್ವ ಹೇಳಿದ್ದರಿಂದ ಅವಳು ಅಗತ್ಯಕ್ಕಿಂತ ಹೆಚ್ಚಾಗಿ ನಗುತ್ತಿದ್ದಳು.

“ಬಾಗಿಲು ಹಾಕಿದ ಕೋಣ್ಯಾಗ ಒಂದು ಮಗು, ಒಬ್ಬರೇ ದೊಡ್ಡವರು ಇರಬಾರದು. ಯಾರೇ ಇರಲಿ.”

“ನಾನೂ?” ಪಾಸ್ಟರ್ ದೇವದಾನಪ್ಪ ಕೇಳಿದರು.

“ನೀವು ಎಲ್ಲಾರಕಿಂತ ಮೊದಲ್ರಿ, ಪಾಸ್ಟರ್. ನಿಮ್ಮನ್ನ ನೋಡಿ ಉಳಿದವ್ರು ಕಲೀಬೇಕಲ್ಲ.”

ಪಾಸ್ಟರ್ ಶಾರವ್ವನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು. ಅವರ ಪೂರ್ವಾಪರ ವಿಚಾರಿಸಲು ಶಾರವ್ವ ಅವರ ಅತ್ತೆಯ ಮನೆಗೆ ಹೋಗಿದ್ದಳು. ಆ ಅತ್ತೆ ಊಟದ ಹೊತ್ತಿನಿಂದ ದೀಪ ಹಚ್ಚುವ ತನಕ ಅಳಿಯನ ಬಗ್ಗೆ ಮಾತಾಡಿದ್ದರು. ಅಪರಾಧ ಎನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಉಳಿದುದೆಲ್ಲ ಇತ್ತು. ಅಂದಿನಿಂದ ಪಾಸ್ಟರ್ ಶಾರವ್ವನ ಕಣ್ಣು ತಪ್ಪಿಸಿಯೇ ಓಡಾಡುತ್ತಿದ್ದರು.

“ಇನ್ನೊಂದು,” ನುಜಹತ ಮುಂದುವರಿಸಿದಳು. “ಇದು ನಮ್ಮಿಬ್ಬರ ಗುಟ್ಟು, ಮನ್ಯಾಗ ಹೇಳಬ್ಯಾಡ ಅಂತ ಯಾವ ಮಗುವಿಗೂ ಹೇಳಬಾರದು. ಸಣ್ಣ ಗುಟ್ಟೂ ಬ್ಯಾಡ.”

ಅಡುಗೆಯ ಹೊಣೆ ಹೊತ್ತ ಹಿರಿಯಾಕೆ ಕೈ ಎತ್ತಿದಳು. “ಶನಿವಾರ ಪಾಯಸ ಮಾಡೂದೈತಿ, ಅದನ್ನರ ಗುಟ್ಟಾಗಿ ಇಡಬೌದೇನವಾ?”

“ಅದನ್ನ ಇಡಬೌದ್ರಿ.”

“ಬಾಳ ಸೂಕ್ಷ್ಮ ಐತಿ ನಿಮ್ಮ ಪಾಠ.”

ಮೂಲೆಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಲಕ್ಕಪ್ಪ ಮಾಸ್ತರರು ಮುಗುಳ್ನಕ್ಕರು. ಮಕ್ಕಳಿಗೆ ಹಾಡು ಕಲಿಸುವವರು ಅವರು. ಬೆಳ್ಳಗಿನ ತಲೆ, ಬೆಳ್ಳಗಿನ ಅಂಗಿ, ಬೆಣ್ಣೆಯಂಥ ಮಾತು. ಕಳೆದ ವರ್ಷ ಹಿರೇಕೆರೂರಿನಿಂದ ಬಂದು ಈ ಚರ್ಚಿಗೆ ಹೊಂದಿಕೊಂಡವರು. ವಿಚಾರಣೆ ಎಂದಾಗ ಉಳಿದವರೆಲ್ಲ “ನಮ್ಮ ಮ್ಯಾಲ ಸಂಶೇನಾ?” ಎಂದು ಮುಖ ಉಬ್ಬಿಸಿದ್ದರೆ, ಮಾಸ್ತರರು ಎದ್ದು ನಿಂತು, “ಮೊದಲು ನನ್ನದಾಗಲಿ” ಎಂದಿದ್ದರು. ಅವರ ಮಾತಿಗೆ ನಾಚಿ ಉಳಿದವರೂ ಒಪ್ಪಿದ್ದರು.

ಅವರು ಬೆರಳಾಡಿಸಿ ಒಂದು ಹಾಡಿನ ಮಟ್ಟು ಹಿಡಿದರು. ಅವರಿಗೆ ಎದುರಾಗಿ ಮುರಿದ ಹಲ್ಲಿನ ಹುಡುಗ ಢೋಲಕ್ ತೊಡೆಯ ಮೇಲಿಟ್ಟುಕೊಂಡಿದ್ದ.

ಶಾರವ್ವ ಅವನ ಬೆನ್ನ ಹಿಂದೆ, ಬಾಗಿಲ ಬಳಿ ನಿಂತಳು. ಸೊಂಟ ನೆಟ್ಟಗೆ ಮಾಡಿಕೊಂಡಳು. ಮನೆಯ ಅಂಗಳದಿಂದ ತಮ್ಮನನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದಳು:

“ದುರ್ಗೇಶಾ!”

“ಆಂ?” ಹುಡುಗ ಥಟ್ಟನೆ ತಿರುಗಿದ.

ಕಿವಿ ಚುರುಕಾಗಿಯೇ ಇತ್ತು.

ಎಲ್ಲರ ತಲೆ ಅವನ ಕಡೆ ಹೊರಳಿತು. ಹಾರ್ಮೋನಿಯಂ ಒಂದು ಅಪಸ್ವರ ಹೊರಡಿಸಿ ಕೊರಗಿತು. ಲಕ್ಕಪ್ಪ ಮಾಸ್ತರರ ಬೆರಳು ಜಾರಿತ್ತು. ಶಾರವ್ವ ಅದನ್ನು ಕೇಳಿಸಿಕೊಂಡಳು. ಆದರೆ ಆ ಹೊತ್ತಿಗೆ ಅವಳ ಕಣ್ಣೆಲ್ಲ ಹುಡುಗನ ಮೇಲಿತ್ತು.

“ಬಾ ತಮ್ಮಾ,” ಎಂದಳು. “ನಿನ್ನ ಬೀಗರು ಬಂದಾರ. ಮಾತಾಡೂದೈತಿ.”

*

ಪಾಸ್ಟರರ ಕೋಣೆ ಚಿಕ್ಕದು; ಹಾರ್ಮೋನಿಯಂ ಇಡಲು ಮಾಸ್ತರರೂ ದಿನಾ ಒಳಗೆ ಬಂದು ಹೋಗುತ್ತಿದ್ದರು. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೊಳೆಗೆ ತೂಗಿದ ಪಾಸ್ಟರರ ಬಿಳಿ ನಿಲುವಂಗಿ. ಪಾಸ್ಟರ್ ಒಳಗೆ ಬಂದು ಬಾಗಿಲು ಹಾಕಲು ಹೋದರು.

“ಬಾಗಿಲು ತೆರದಿರಲಿ, ಪಾಸ್ಟರ್,” ನುಜಹತ ಹೇಳಿದಳು.

“ಇಲ್ಲಿ ಮಗು ಯಾರದಾರವಾ?”

“ರೂಢಿ ಆಗಲಿ ಅಂತ್ರಿ.”

ಬಾಗಿಲು ತೆರೆದೇ ಉಳಿಯಿತು. ಪರಿಣಾಮವಾಗಿ ಹಾಲಿನಲ್ಲಿದ್ದ ಸ್ವಯಂಸೇವಕರೆಲ್ಲ ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿ ಕುಳಿತು ಮೌನಪ್ರಾರ್ಥನೆಯಲ್ಲಿ ತೊಡಗಿದರು. ಹಾರ್ಮೋನಿಯಂ ಮತ್ತೆ ಮೆಲ್ಲಗೆ ಶುರುವಾಯಿತು.

“ಹೆಸರು?” ಶಾರವ್ವ ಕೇಳಿದಳು.

“ದುರ್ಗೇಶ್ರಿ. ಹಾನಗಲ್ಲ ತಾಲೂಕು ಆಡೂರು.”

“ಹಿರೇಬೆಂಡಿಗೇರಿ ಹುಲಗೇಶ?”

“ದೋಸ್ತ್ರಿ. ಭಜನಿ ಸ್ಪರ್ಧಾಕ್ಕ ಹೋದಲ್ಲಿ ಪರಿಚಯ. ಹೆಸರು ಕೇಳಿ ಇಸ್ಕೊಂಡೇನ್ರಿ, ಕದ್ದಿಲ್ಲ.”

“ಹೆಸರೇನು ಸೈಕಲ್ಲೇನೋ, ಕೇಳಿ ಇಸ್ಕೊಂಡು ಹತ್ತಾಕ?”

ದುರ್ಗೇಶ ತಲೆ ತಗ್ಗಿಸಿದ. “ಬಾಳ ತ್ರಾಸ ಆತ್ರಿ ಅಕ್ಕಾರ. ಯಾರರ ಹುಲಗೇಶಾ ಅಂದ ಕೂಡಲೇ ಅಂವನೂ ಬಂದಾನೇನು ಅಂತ ಹಿಂದ ನೋಡ್ತಿದ್ದೆ. ಮ್ಯಾಲ ಎಲ್ಲಾರೂ ಕಿವ್ಯಾಗ ಒದರಾಕತ್ತಿದ್ರು. ಈಗ ಖರೇನ ಸ್ವಲ್ಪ ಮಂದ ಆಗೈತಿ.”

ಹೊರಗಿನ ಬೆಂಚಿನಲ್ಲಿ ಯಾರೋ “ಅಯ್ಯ ಪಾಪ” ಎಂದರು.

“ಯಾಕ ಮಾಡಿದಿ?” ಶಾರವ್ವನ ದನಿಯಲ್ಲಿ ಈಗ ನಗು ಇರಲಿಲ್ಲ. “ಬಾಳ ವಿಚಾರ ಮಾಡಿ ಹೇಳು. ಮಕ್ಕಳು ಇರೋ ಜಾಗದಾಗ ಸುಳ್ಳು ಹೆಸರಿಂದ ಹೊಕ್ಕೀ. ನಾ ಈಗ ಒಂದು ಫೋನು ಮಾಡಿದ್ರ ಸ್ಟೇಶನ್ನಿನ ಜೀಪು ಬರ್ತೈತಿ.”

ದುರ್ಗೇಶ ಬಾಗಿಲ ಕಡೆ ನೋಡಿದ. ಹಾರ್ಮೋನಿಯಂ ಕೇಳಿಸುತ್ತಲೇ ಇತ್ತು. ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಪಿಸುಗುಟ್ಟಿದ.

“ನಮ್ಮಕ್ಕನ ಮಗ ಹಿರೇಕೆರೂರಾಗ ಒಂದು ಖಾಸಗಿ ಹಾಸ್ಟೆಲಿನ್ಯಾಗ ಇದ್ದನ್ರಿ. ಸಣ್ಣಂವ. ಮನಿ ನೆನಪಾಗಿ ಅತ್ರ, ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡ್ರ, ವಾರ್ಡನ್ನು ಕಾಳಿನ ಕೋಣ್ಯಾಗ ಕೂಡಿಹಾಕಿ ಹೊರಗಿಂದ ಚಿಲಕಾ ಹಾಕ್ತಿದ್ದನ್ರಿ. ಕತ್ತಲಿ. ಹೆಗ್ಗಣ. ತಗದ ಮ್ಯಾಲ ತಲಿ ಸವರಿ, ‘ಇದು ನಮ್ಮಿಬ್ಬರ ಗುಟ್ಟು’ ಅಂತಿದ್ನಂತ.”

ನುಜಹತಳ ಮುಖ ಬಿಳಿಚಿತು.

“ಸೂಟಿಗೆ ಊರಿಗೆ ಬಂದಾಗ ಹುಡುಗ ಬಾಗಿಲು ಹಾಕಿದ ಕೋಣ್ಯಾಗ ಮಲಗವಲ್ಲ. ಬಚ್ಚಲಕ್ಕೂ ಯಾರರ ಬರಬೇಕು. ನನಗೊಬ್ಬಂಗ ಹೇಳಿದ. ನಾ ಆ ವಾರ್ಡನ್ನಿಗೆ ಫೋನಿನ್ಯಾಗ ಬೈದೆ. ‘ನಾ ಆಡೂರಿನ ದುರ್ಗೇಶ, ನೆನಪಿಟ್ಕೋ’ ಅಂತ ಹೇಳಿದ್ದೆ. ಹಾಸ್ಟೆಲಿನವ್ರು ಮರ್ಯಾದಿ ಹೋಗ್ತೈತಿ ಅಂತ ಅವನ್ನ ಸುಮ್ಕ ಕಳಿಸಿಬಿಟ್ರು. ಕೇಸಿಲ್ಲ, ಏನಿಲ್ಲ. ಹುಡುಗಂದು ಹೆಸರು ಬರ್ತೈತಿ, ಬ್ಯಾಡ ಅಂತ ಅಕ್ಕ ಕೈ ಮುಗದ್ಲು. ಮುಂದ ಆತ ಶಿಗ್ಗಾವ್ಯಾಗ ಮಕ್ಕಳಿಗೆ ಹಾಡು ಕಲಸಾಕತ್ತಾನಂತ ಗೊತ್ತಾತ್ರಿ. ಅವಂಗ ನನ್ನ ಮಾರಿ ಗೊತ್ತಿಲ್ಲ, ಹೆಸರು ಗೊತ್ತು. ಅದಕ್ಕ ಹೆಸರು ಬಿಟ್ಟು ಮಾರಿ ತಗೊಂಡು ಬಂದೆ.”

ಪಾಸ್ಟರ್ ಕುರ್ಚಿಯ ಹಿಡಿಕೆ ಹಿಡಿದುಕೊಂಡರು. “ನೀ ಹೇಳೂದು... ಲಕ್ಕಪ್ಪ ಮಾಸ್ತರಂದೇನು?”

“ಹೌದ್ರಿ.”

“ಸುಳ್ಳು! ಅಂಥಾ ಮನಷ್ಯಾ ಎಲ್ಲೂ ಸಿಗೂದಿಲ್ಲ. ಶಾರವ್ವಾರ, ಮಾಸ್ತರನ್ನ ನೀವ ವಿಚಾರಿಸಿ ಪಾಸು ಮಾಡೀರಿ!”

ಅದು ನಿಜವಾಗಿತ್ತು. ಹಾಲಿನಲ್ಲಿ ಅಪಸ್ವರ ಹೊರಟ ಆ ಕ್ಷಣ ಶಾರವ್ವನಿಗೆ ಈಗ ಬೇರೆಯಾಗಿ ಕೇಳಿಸಿತು. ಹುಲಗೇಶನೆಂದು ತಿಳಿದಿದ್ದ ಹುಡುಗ ದುರ್ಗೇಶ ಎಂಬ ಹೆಸರಿಗೆ ತಿರುಗಿದಾಗ ಹಾಲಿನಲ್ಲಿ ಎಲ್ಲರಿಗೂ ಆಶ್ಚರ್ಯವಾಗಿತ್ತು. ಮಾಸ್ತರರ ಬೆರಳು ಜಾರಿದ್ದು ಅವನು ತಿರುಗುವ ಮುಂಚೆಯೋ, ಆಮೇಲೆಯೋ?

ಎದುರಿಗಿದ್ದವನು ಸುಳ್ಳುಗಾರ ಎಂಬುದಕ್ಕೆ ಸಾಕ್ಷಿ ಇತ್ತು. ಹೊರಗಿದ್ದ ಮಾಸ್ತರರ ಮೇಲೆ ಒಂದು ಸಣ್ಣ ಕಲೆಯೂ ಇರಲಿಲ್ಲ.

“ಈಗ ಏನ ಮಾಡೂದ್ರಿ ಅಕ್ಕಾ?” ನುಜಹತ ಮೆಲ್ಲಗೆ ಕೇಳಿದಳು.

“ಮೊದಲನೇದು,” ಶಾರವ್ವ ದುರ್ಗೇಶನ ಕಡೆ ತಿರುಗಿದಳು. “ಢೋಲಕ್ಕು ಇಲ್ಲೇ ಇಡು. ಶಿಬಿರಕ್ಕ ನೀ ಬರಂಗಿಲ್ಲ.”

ದುರ್ಗೇಶ ಹೌಹಾರಿದ. “ನಾ ಮಕ್ಕಳನ್ನ ಕಾಯಾಕ ಬಂದೇನ್ರಿ!”

“ಇರಬೌದು. ನಿನ್ನ ಮಾತು ಖರೇ ಇದ್ರ ನೀ ಬಾಳ ಒಳ್ಳೆಯಂವ. ಆದ್ರ ನಾಳೆ ಬರೋ ಕೆಟ್ಟಾವನೂ ಇದ ಕತಿ ಹೇಳ್ತಾನ ತಮ್ಮಾ. ಅವಂಗ ಹಾಕೋ ಬಾಗಿಲು ನಿನಗೂ ಹಾಕಬೇಕು.”

ದುರ್ಗೇಶನ ಕಣ್ಣು ತುಂಬಿ ಬಂತು. ತೋಳಿನಿಂದ ಒರೆಸಿಕೊಂಡು, “ಅವನಿಗೂ ಹಾಕ್ರಿ ಮತ್ತ,” ಎಂದ.

“ಹಾಕ್ತೇನಿ. ತಪಾಸ ಮುಗಿಯೋತನಕ ಮಾಸ್ತರೂ ಮಕ್ಕಳ ಹತ್ರ ಬರಂಗಿಲ್ಲ.”

“ಸೋಮವಾರ ಶಿಬಿರ ಐತ್ರಿ!” ಪಾಸ್ಟರ್ ತಲೆಯ ಮೇಲೆ ಕೈ ಹೊತ್ತರು. “ಢೋಲಕ್ಕೂ ಇಲ್ಲ, ಹಾರ್ಮೋನಿಯಮ್ಮೂ ಇಲ್ಲ. ಹಾಡು ಯಾರು ಹೇಳಿಸ್ತಾರ?”

“ನೀವ ಹೇಳಸ್ರಿ,” ನುಜಹತ ಹೇಳಿದಳು.

“ನನ್ನ ದನಿ ಕೇಳಿದ್ರ ಮಕ್ಕಳು ಅಳ್ತಾವ.”

“ಅದು ನಮಗ ಗೊತ್ತೈತ್ರಿ, ನಿಮ್ಮತ್ತಿ ಹೇಳ್ಯಾರ,” ಎಂದಳು ಶಾರವ್ವ.

ಅವಳ ಮನಸ್ಸು ಮಾತಿನಲ್ಲಿರಲಿಲ್ಲ. ಮಾಸ್ತರರ ವಿಚಾರಣೆಯಲ್ಲಿ ತಾನು ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೆನೆಸಿಕೊಳ್ಳುತ್ತಿದ್ದಳು. ಠಾಣೆಯಲ್ಲಿ ಕೇಳಿಸಿದ್ದಳು. ಕೇಸುಗಳಿರಲಿಲ್ಲ. ಹಿರೇಕೆರೂರಿಗೆ ಖುದ್ದಾಗಿ ಹೋಗಬೇಕಿತ್ತು. ಆ ವಾರ ಸೊಂಟ ಹಿಡಿದಿತ್ತು. ಬಸ್ಸಿನಲ್ಲಿ ಅಷ್ಟು ದೂರ ಕೂರಲು ಆಗುವುದಿಲ್ಲವೆಂದು, ಮಾಸ್ತರರೇ ಕೊಟ್ಟ ನಂಬರಿಗೆ ಫೋನು ಮಾಡಿ ಮುಗಿಸಿದ್ದಳು. ಅಲ್ಲಿನ ನಿವೃತ್ತ ಹೆಡ್ ಮಾಸ್ತರರೊಬ್ಬರು ನಡುಗುವ ದನಿಯಲ್ಲಿ, ನಡುನಡುವೆ ಕೆಮ್ಮುತ್ತ, ಲಕ್ಕಪ್ಪನವರನ್ನು ಬಾಯ್ತುಂಬ ಹೊಗಳಿದ್ದರು. ಹಾಸ್ಟೆಲನ್ನು ಬಿಟ್ಟದ್ದು ಯಾಕೆ ಎಂದು ಕೇಳಿದಾಗ, “ಮಕ್ಕಳು ಬಿಡವಲ್ಲರಾಗಿದ್ರು, ಅಳಿಸಿ ಬಂದಾರ” ಎಂದಿದ್ದರು.

“ಆ ಹೆಡ್ ಮಾಸ್ತರನ್ನ ಮತ್ತ ಕೇಳೂಣು,” ಶಾರವ್ವ ಫೋನು ತೆಗೆದಳು. “ಕಾಳಿನ ಕೋಣಿ ಮಾತು ತಗದಾಗ ಮುದುಕ ಹೆಂಗ ಕೆಮ್ಮತಾನೋ ನೋಡೂಣು.”

ನಂಬರು ಒತ್ತಿ ಕಿವಿಗಿಟ್ಟುಕೊಂಡಳು.

ಕೋಣೆಯಲ್ಲಿ ಕೋಳಿ ಕೂಗಿತು.

ಎಲ್ಲರೂ ಕಿಟಕಿಯ ಕಡೆ ನೋಡಿದರು. ಕಿಟಕಿಯಲ್ಲಿ ಕೋಳಿ ಇರಲಿಲ್ಲ. ಸಂಜೆಯ ಹೊತ್ತು ಕೋಳಿ ಕೂಗುವ ಹೊತ್ತೂ ಅಲ್ಲ.

ಮತ್ತೆ ಕೂಗಿತು. ಗೋಡೆಯ ಮೊಳೆಗೆ ತೂಗಿದ್ದ ಬಿಳಿ ನಿಲುವಂಗಿಯ ಒಂದು ಪಕ್ಕ ನಡುಗುತ್ತಿತ್ತು.

ನುಜಹತ ಶಾರವ್ವನ ಕಿವಿಯಲ್ಲಿದ್ದ ಫೋನು ನೋಡಿದಳು. ಆಮೇಲೆ ನಿಲುವಂಗಿ ನೋಡಿದಳು. ಶಾರವ್ವ ಕರೆ ಕತ್ತರಿಸಿದಳು. ಕೋಳಿ ನಿಂತಿತು. ಮತ್ತೆ ಒತ್ತಿದಳು. ಕೋಳಿ ಮತ್ತೆ ಕೂಗಿತು.

“ಅದು ನನ್ನದಲ್ರಿ,” ಪಾಸ್ಟರ್ ಹೇಳಿದರು.

ಶಾರವ್ವ ನಿಲುವಂಗಿಯ ಕಡೆ ಒಂದು ಹೆಜ್ಜೆ ಇಟ್ಟಳು.

“ನನಗ ಅದು ಗೊತ್ತ ಇಲ್ರಿ. ನನ್ನ ಫೋನು ಇಲ್ಲೈತಿ, ಕೈಯಾಗ. ನೋಡ್ರಿ.”

“ಕೂಗಾಕತ್ತಿದ್ದು ನಿಮ್ಮ ನಿಲುವಂಗಿ ಒಳಗ್ರಿ,” ನುಜಹತ ಹೇಳಿದಳು.

“ದೇವರಾಣಿ, ನಾ ಅರಿಯೆ!”

ಕೋಳಿ ಮತ್ತೊಮ್ಮೆ ಕೂಗಿತು. ಹೊರಗಿನ ಬೆಂಚಿನಲ್ಲಿದ್ದ ಅಡುಗೆಯ ಹಿರಿಯಾಕೆ ನಿಟ್ಟುಸಿರು ಬಿಟ್ಟು, “ಬೈಬಲ್ಲಿನ್ಯಾಗ ಆ ಶಿಷ್ಯ ಮೂರು ಸಲ ಅರಿಯೆ ಅಂದಾಗ ಕೋಳಿ ಕೂಗಿದಂಗ ಆತಲ್ಲವಾ” ಎಂದಳು. ಆಗಲೇ ಶಾರವ್ವನಿಗೆ ಗಮನ ಬಂದದ್ದು, ಹಾಲಿನಲ್ಲಿ ಹಾರ್ಮೋನಿಯಂ ನಿಂತುಹೋಗಿತ್ತು.

ಅವಳು ನಿಲುವಂಗಿಯ ಕಿಸೆಗೆ ಕರವಸ್ತ್ರ ಸುತ್ತಿದ ಕೈ ಹಾಕಿ ಒಂದು ಸಣ್ಣ ಹಳೆಯ ಫೋನನ್ನು ಹೊರತೆಗೆದಳು. ಅದು ಅವಳ ಅಂಗೈಯಲ್ಲಿ ಇನ್ನೂ ನಡುಗುತ್ತಿತ್ತು. ಕರೆ ಮಾಡುತ್ತಿದ್ದವಳು ಅವಳೇ. ಆದರೆ ಆ ಫೋನಿನ ಪರದೆಯ ಮೇಲೆ ಶಾರವ್ವ ಎಂಬ ಹೆಸರಿರಲಿಲ್ಲ. ಅವಳ ನಂಬರನ್ನು ಯಾರೋ ತಮ್ಮ ನೆನಪಿಗೆಂದು ಬೇರೆಯೇ ರೀತಿ ಬರೆದಿಟ್ಟುಕೊಂಡಿದ್ದರು:

“ಮುದುಕನ ದನಿ ತಗಿ. ಕೆಮ್ಮು.”